ಕೊಲ್ಲಿ ವಿಮಾನಸಂಸ್ಥೆಯ ಕರೆ: ಪೈಲಟ್ ತೂಗಿ ನೋಡಬೇಕಾದ ಲೆಕ್ಕಗಳು

ಬೆಂಗಳೂರು: ವಿದೇಶಿ ವಿಮಾನಯಾನ ಸಂಸ್ಥೆಯೊಂದರಿಂದ ಪೈಲಟ್ ಹುದ್ದೆಗೆ ಕರೆ ಬಂದಿತೆಂದರೆ ಮನೆಮಂದಿಗೆಲ್ಲ ಸಂಭ್ರಮ. ಸಂಬಳ ಡಾಲರ್ ಲೆಕ್ಕದಲ್ಲಿ. ಆದಾಯ ತೆರಿಗೆಯ ಕಾಟವಿಲ್ಲ. ಮನೆ ಬಾಡಿಗೆಯ ಹೊಣೆ ಸಂಸ್ಥೆಯದು. ಮಕ್ಕಳ ಶಾಲಾ ಶುಲ್ಕಕ್ಕೂ ನೆರವುಂಟು. ನೆಂಟರಿಷ್ಟರ ದೃಷ್ಟಿಯಲ್ಲಿ ಇದರಲ್ಲಿ ಯೋಚಿಸುವಂಥದ್ದೇನೂ ಇಲ್ಲ. ಆದರೆ ಆ ಪತ್ರಕ್ಕೆ ಸಹಿ ಹಾಕಬೇಕಾದ ಪೈಲಟ್‌ಗೆ ರಾತ್ರಿ ನಿದ್ದೆ ಹತ್ತದಿರುವುದಕ್ಕೆ ಕಾರಣಗಳಿವೆ.

ರಾಜಧಾನಿಯ ಪಶ್ಚಿಮ ಭಾಗದ ವಿಜಯನಗರದಲ್ಲಿ ಇಂಥದೊಂದು ಮನೆಯನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ತಂದೆ ಸರ್ಕಾರಿ ಸೇವೆಯಿಂದ ನಿವೃತ್ತರು, ತಾಯಿಗೆ ಸಕ್ಕರೆ ಕಾಯಿಲೆ. ಮಗನಿಗೆ 32 ವರ್ಷ. ದೇಶೀಯ ಸಂಸ್ಥೆಯೊಂದರಲ್ಲಿ ಏರ್‌ಬಸ್ ಎ320 ವಿಮಾನದ ಸಹ ಪೈಲಟ್. ಹಾರಾಟದ ಅನುಭವ 3,500 ಗಂಟೆ. ಸೊಸೆ ಬ್ಯಾಂಕ್ ಉದ್ಯೋಗಿ. ನಾಲ್ಕು ವರ್ಷದ ಮೊಮ್ಮಗಳು ಶಾಲೆ ಸೇರುವ ಹೊಸ್ತಿಲಲ್ಲಿದ್ದಾಳೆ. ಪೈಲಟ್ ತರಬೇತಿಗೆಂದು ಮಾಡಿದ ಸಾಲದ ಕೊನೆಯ ಕಂತುಗಳು ಇನ್ನೂ ಬಾಕಿ. ಮೇಲಂತಸ್ತು ಕಟ್ಟಿಸಲು ಪಡೆದ ಗೃಹಸಾಲ ಬೇರೆ. ದುಬೈನ ಸಂಸ್ಥೆಯೊಂದು ದೊಡ್ಡ ವಿಮಾನಕ್ಕೆ ಸಹ ಪೈಲಟ್ ಆಗಿ ಬರುವಂತೆ ಕರೆದಿದೆ. ಹೋಗಬೇಕೇ, ಬೇಡವೇ?

ಈ ಪ್ರಶ್ನೆಗೆ ಉತ್ತರ ಹುಡುಕುವವರು ಸಾಮಾನ್ಯವಾಗಿ ಇಲ್ಲಿನ ಸಂಬಳವನ್ನೂ ಅಲ್ಲಿನ ಸಂಬಳವನ್ನೂ ಅಕ್ಕಪಕ್ಕ ಬರೆದು ನೋಡುತ್ತಾರೆ. ಪೈಲಟ್ ವೃತ್ತಿಯ ಮಟ್ಟಿಗೆ ಅದು ಅರ್ಧ ಲೆಕ್ಕ ಮಾತ್ರ. ಐದೋ ಎಂಟೋ ವರ್ಷಗಳ ನಂತರ ಹಿಂತಿರುಗಬೇಕಾಗಿ ಬಂದರೆ ಯಾವ ಹುದ್ದೆಗೆ, ಯಾವ ಅರ್ಹತೆಯೊಂದಿಗೆ, ಯಾವ ವಯಸ್ಸಿನಲ್ಲಿ ಹಿಂತಿರುಗುವುದು ಎಂಬುದೇ ಉಳಿದರ್ಧ.

ಬೆಂಗಳೂರು ಕಂಡ ಏಳುಬೀಳು

ವಿಮಾನಯಾನದ ಏಳುಬೀಳು ಬೆಂಗಳೂರಿಗೆ ಹೊಸತಲ್ಲ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಬೆಂಗಳೂರು–ಹುಬ್ಬಳ್ಳಿ ನಡುವೆ ಹಾರಾಟ ಆರಂಭಿಸಿದಾಗ ದೇಶದಲ್ಲಿ ಅಗ್ಗದ ವಿಮಾನಯಾನದ ಯುಗ ತೆರೆದುಕೊಂಡಿತು. ಬೆಂಗಳೂರಿನಲ್ಲೇ ನೋಂದಾಯಿತ ಕಚೇರಿ ಹೊಂದಿದ್ದ ಕಿಂಗ್‌ಫಿಷರ್ 2005ರ ಮೇ ತಿಂಗಳಲ್ಲಿ ಆಕಾಶಕ್ಕೇರಿತು. ಒಮ್ಮೆಲೇ ಇಷ್ಟು ವಿಮಾನಗಳು ಬಂದಾಗ ಕ್ಯಾಪ್ಟನ್‌ಗಳ ಕೊರತೆ ಎಷ್ಟಿತ್ತೆಂದರೆ, ವಿದೇಶಿ ಪೈಲಟ್‌ಗಳನ್ನು ತಾತ್ಕಾಲಿಕ ಅನುಮತಿಯ ಮೇಲೆ ಕರೆಸಿಕೊಳ್ಳಬೇಕಾಯಿತು. ಇಂದು ಹೊರಗೆ ಹೋಗುವವರ ಬಗ್ಗೆ ಚಿಂತಿಸುತ್ತಿರುವ ದೇಶ ಅಂದು ಹೊರಗಿನಿಂದ ಬರುವವರನ್ನು ಅವಲಂಬಿಸಿತ್ತು.

ಏಳು ವರ್ಷ ಕಳೆಯುವಷ್ಟರಲ್ಲಿ ಚಿತ್ರ ಬದಲಾಯಿತು. ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿಕೊಂಡ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿಯಿತು. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್, 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದವು. ಮೂರು ಬಾರಿಯೂ ಬೀದಿಗೆ ಬಿದ್ದ ಪೈಲಟ್‌ಗಳಲ್ಲಿ ಹಲವರು ಕೊಲ್ಲಿ ರಾಷ್ಟ್ರಗಳ ದಾರಿ ಹಿಡಿದರು. ‘ಸ್ವದೇಶದಲ್ಲಿದ್ದರೆ ಭದ್ರ’ ಎಂಬ ಮಾತನ್ನು ಈ ವೃತ್ತಿಯಲ್ಲಿರುವವರು ಸುಲಭವಾಗಿ ಒಪ್ಪದಿರುವುದಕ್ಕೆ ಈ ಇತಿಹಾಸವೇ ಕಾರಣ.

ಸಂಬಳದ ನಿಜವಾದ ತೂಕ

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ. ಭಾರತದಲ್ಲಿ 2025–26ನೇ ಸಾಲಿನ ಹೊಸ ತೆರಿಗೆ ಪದ್ಧತಿಯ ಪ್ರಕಾರ 24 ಲಕ್ಷ ರೂಪಾಯಿ ಮೀರಿದ ಆದಾಯಕ್ಕೆ ಶೇ. 30ರ ತೆರಿಗೆ, ಅದರ ಮೇಲೆ ಶೇ. 4ರ ಸೆಸ್. ಅಂದರೆ ಆ ಮಿತಿಯ ಮೇಲೆ ಗಳಿಸುವ ಪ್ರತಿ ನೂರು ರೂಪಾಯಿಯಲ್ಲಿ 31 ರೂಪಾಯಿ 20 ಪೈಸೆ ಸರ್ಕಾರಕ್ಕೆ ಸಲ್ಲುತ್ತದೆ. ಆದಾಯ 50 ಲಕ್ಷ ದಾಟಿದರೆ ಸರ್‌ಚಾರ್ಜ್ ಸೇರಿಕೊಳ್ಳುತ್ತದೆ. ಹಿರಿಯ ಪೈಲಟ್‌ಗಳಿಗೆ ಇದು ಸಣ್ಣ ಮೊತ್ತವಲ್ಲ.

ಎರಡನೆಯ ಅನುಕೂಲ ಕರೆನ್ಸಿಯದು. ದಿರ್ಹಮ್‌ನ ಬೆಲೆಯನ್ನು ಡಾಲರ್‌ಗೆ ಕಟ್ಟಿಹಾಕಲಾಗಿದೆ. 1997ರಿಂದಲೂ ಒಂದು ಡಾಲರ್‌ಗೆ 3.6725 ದಿರ್ಹಮ್ ಎಂಬ ದರ ಬದಲಾಗಿಲ್ಲ. 2008ರ ಆರಂಭದಲ್ಲಿ ಡಾಲರ್‌ಗೆ 40 ರೂಪಾಯಿಯ ಆಸುಪಾಸಿನಲ್ಲಿದ್ದ ವಿನಿಮಯ ದರ 2025ರ ಡಿಸೆಂಬರ್‌ನಲ್ಲಿ 90 ರೂಪಾಯಿಯ ಗಡಿ ದಾಟಿತು. ಇಲ್ಲಿನ ಗೃಹಸಾಲದ ಕಂತು ರೂಪಾಯಿಯಲ್ಲಿ, ಅಲ್ಲಿನ ಗಳಿಕೆ ಡಾಲರ್ ಲೆಕ್ಕದಲ್ಲಿ ಎಂದಾದಾಗ ರೂಪಾಯಿ ಕುಸಿದಷ್ಟೂ ಸಾಲ ಹಗುರವಾಗುತ್ತದೆ.

ಆದರೆ ತೆರಿಗೆಯ ವಿಷಯದಲ್ಲಿ ಹೊರಡುವ ದಿನಾಂಕವೂ ಮುಖ್ಯ. ಉದ್ಯೋಗಕ್ಕಾಗಿ ವಿದೇಶಕ್ಕೆ ತೆರಳುವ ಭಾರತೀಯ ಪ್ರಜೆ ಆ ಆರ್ಥಿಕ ವರ್ಷದಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಕಾಲ ಭಾರತದಲ್ಲಿ ಇದ್ದರೆ, ಆ ವರ್ಷದ ಮಟ್ಟಿಗೆ ನಿವಾಸಿಯೆಂದೇ ಪರಿಗಣಿತನಾಗುತ್ತಾನೆ. ಜೂನ್‌ನಲ್ಲಿ ಹೊರಟವನಿಗೂ ಡಿಸೆಂಬರ್‌ನಲ್ಲಿ ಹೊರಟವನಿಗೂ ಇರುವ ವ್ಯತ್ಯಾಸ ಇದು. ಡಿಸೆಂಬರ್‌ನಲ್ಲಿ ಹೋದವನು ಮಾರ್ಚ್‌ವರೆಗೆ ಅಲ್ಲಿ ಗಳಿಸಿದ್ದು ಇಲ್ಲಿನ ತೆರಿಗೆ ಲೆಕ್ಕದೊಳಗೆ ಬರುತ್ತದೆ. ಇಷ್ಟು ವಿಷಯ ತಿಳಿಯದೆ ಟಿಕೆಟ್ ಕಾಯ್ದಿರಿಸಿದವರು ಆಮೇಲೆ ಲೆಕ್ಕಪರಿಶೋಧಕರ ಕಚೇರಿಯಲ್ಲಿ ತಲೆ ಚಚ್ಚಿಕೊಳ್ಳಬೇಕಾಗುತ್ತದೆ.

ಸಂಬಳದ ಪತ್ರವನ್ನು ಓದುವಾಗ ಮೂಲ ವೇತನ ಎಷ್ಟು, ಭತ್ಯೆಗಳೆಷ್ಟು ಎಂದು ಬೇರ್ಪಡಿಸಿ ನೋಡುವುದು ಒಳಿತು. ಎಮಿರೇಟ್ಸ್‌ನ ಕಾರ್ಮಿಕ ಕಾನೂನಿನ ಪ್ರಕಾರ ಸೇವೆ ಮುಗಿದಾಗ ಸಿಗುವ ಗ್ರಾಚುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ ಮೂಲ ವೇತನ, ಅನಂತರದ ವರ್ಷಗಳಿಗೆ 30 ದಿನಗಳ ಮೂಲ ವೇತನ. ಐದು ವರ್ಷ ದುಡಿದವನಿಗೆ 105 ದಿನಗಳ ಮೂಲ ವೇತನವಷ್ಟೇ ಸಿಗುತ್ತದೆ; ಮನೆ ಬಾಡಿಗೆ, ಹಾರಾಟದ ಭತ್ಯೆ ಇದರಲ್ಲಿ ಸೇರುವುದಿಲ್ಲ. ಇಲ್ಲಿನ ಭವಿಷ್ಯ ನಿಧಿಗೆ ಅಲ್ಲಿ ಸಮನಾದದ್ದಿಲ್ಲದಿದ್ದರೆ ಮುಪ್ಪಿನ ಉಳಿತಾಯವನ್ನು ತಾನೇ ಮಾಡಿಕೊಳ್ಳಬೇಕು. ಇಲ್ಲಿನ ಕೆಲಸದಲ್ಲಿ ಐದು ವರ್ಷ ಪೂರೈಸುವ ಮುನ್ನವೇ ಹೊರಬಂದರೆ ಕಾಯಂ ನೌಕರನಿಗೆ ಸಿಗಬೇಕಾದ ಗ್ರಾಚುಟಿಯೂ ಕೈತಪ್ಪುತ್ತದೆ.

ಆರು ತಿಂಗಳ ಬಾಗಿಲು, ಒಂದು ವರ್ಷದ ಬಾಗಿಲು

ಬೇರೆ ಉದ್ಯೋಗಗಳಲ್ಲಿ ಒಂದೆರಡು ತಿಂಗಳ ನೋಟಿಸ್ ಕೊಟ್ಟು ಹೊರಡಬಹುದು. ಪೈಲಟ್‌ಗೆ ಆ ಸ್ವಾತಂತ್ರ್ಯವಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, 2009ರ ನಿಯಮದಲ್ಲಿ ಆರು ತಿಂಗಳ ನೋಟಿಸ್ ಕಡ್ಡಾಯ ಮಾಡಿತ್ತು. 2017ರ ಆಗಸ್ಟ್‌ನಲ್ಲಿ ಕ್ಯಾಪ್ಟನ್‌ಗಳ ನೋಟಿಸ್ ಅವಧಿಯನ್ನು ಒಂದು ವರ್ಷಕ್ಕೆ ಏರಿಸಲಾಯಿತು. ಸಹ ಪೈಲಟ್‌ಗಳಿಗೆ ಆರು ತಿಂಗಳೇ ಉಳಿಯಿತು. ಪೈಲಟ್‌ಗಳ ಸಂಘಟನೆಗಳು ಈ ನಿಯಮವನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದವು.

ಸಂಸ್ಥೆ ಒಪ್ಪಿ ನಿರಾಕ್ಷೇಪಣಾ ಪತ್ರ ಕೊಟ್ಟರೆ ಬೇಗ ಹೊರಡಬಹುದು. ನೋಟಿಸ್ ಅವಧಿಯಲ್ಲಿ ಸಂಸ್ಥೆಯು ಸಂಬಳ ಸವಲತ್ತು ಕಡಿತ ಮಾಡಿದರೆ, ಅವಧಿಗೆ ಮುಂಚೆಯೇ ಬಿಡುಗಡೆ ಕೋರುವ ಅವಕಾಶವನ್ನೂ ನಿಯಮ ನೀಡಿದೆ. ಹೇಳದೆ ಕೇಳದೆ ಹೊರಡುವುದು ಮಾತ್ರ ಅಪಾಯದ ದಾರಿ. 43 ಪೈಲಟ್‌ಗಳು ನೋಟಿಸ್ ಅವಧಿ ಪೂರೈಸದೆ ಹೊರನಡೆದರೆಂದು ಆಕಾಶ ಏರ್ ಸಂಸ್ಥೆ 2023ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದ್ದು ಸುದ್ದಿಯಾಗಿತ್ತು. ಇದಲ್ಲದೆ, ತರಬೇತಿಗಾಗಿ ಬರೆದುಕೊಟ್ಟ ಬಾಂಡ್ ಇದ್ದರೆ ಅದರ ಬಾಕಿ ಮೊತ್ತವನ್ನೂ ಲೆಕ್ಕಕ್ಕೆ ಸೇರಿಸಬೇಕು. ಹೊಸ ಸಂಸ್ಥೆಯೂ ತರಬೇತಿಗೆ ಬಾಂಡ್ ಕೇಳಬಹುದು. ಒಂದನ್ನು ತೀರಿಸುವಷ್ಟರಲ್ಲಿ ಇನ್ನೊಂದಕ್ಕೆ ಕೊರಳು ಕೊಟ್ಟಂತೆ.

ವಿಜಯನಗರದ ಆ ಮನೆಯ ಮಗ ಸಹ ಪೈಲಟ್ ಆಗಿರುವುದರಿಂದ ಅವನಿಗೆ ಆರು ತಿಂಗಳು ಸಾಕು. ಆದರೆ ವಿದೇಶಿ ಸಂಸ್ಥೆ ಆರು ತಿಂಗಳು ಕಾಯುವುದೇ? ಕಾಯುವ ಭರವಸೆ ಬರವಣಿಗೆಯಲ್ಲಿ ಇಲ್ಲದಿದ್ದರೆ ರಾಜೀನಾಮೆ ಕೊಟ್ಟ ಮೇಲೆ ಇತ್ತ ಕೆಲಸವೂ ಇಲ್ಲ, ಅತ್ತ ಕೆಲಸವೂ ಇಲ್ಲ ಎಂಬ ಸ್ಥಿತಿ ಬಂದೀತು.

ಪರವಾನಗಿಗೂ ಪೌರತ್ವವುಂಟು

1944ರ ಷಿಕಾಗೊ ಒಪ್ಪಂದದ ಅಡಿಯಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಪೈಲಟ್ ಪರವಾನಗಿಗೆ ಕನಿಷ್ಠ ಮಾನದಂಡಗಳನ್ನು ನಿಗದಿ ಮಾಡಿದೆ. ಆದರೆ ಪರವಾನಗಿ ನೀಡುವುದು ಆಯಾ ದೇಶದ ಪ್ರಾಧಿಕಾರವೇ. ಭಾರತದಲ್ಲಿ ವಾಣಿಜ್ಯ ಪೈಲಟ್ ಪರವಾನಗಿಗೆ 200 ಗಂಟೆಗಳ ಹಾರಾಟ, ಕ್ಯಾಪ್ಟನ್ ಆಗಲು ಬೇಕಾದ ಏರ್‌ಲೈನ್ ಟ್ರಾನ್ಸ್‌ಪೋರ್ಟ್ ಪೈಲಟ್ ಪರವಾನಗಿಗೆ 1,500 ಗಂಟೆಗಳ ಹಾರಾಟ ಅಗತ್ಯ. ಈ ಪರವಾನಗಿ ಹಿಡಿದು ದುಬೈನಲ್ಲಿ ನೇರವಾಗಿ ಅಲ್ಲಿನ ವಿಮಾನ ಹಾರಿಸುವಂತಿಲ್ಲ. ಅಲ್ಲಿನ ವಾಯು ಕಾನೂನಿನ ಪರೀಕ್ಷೆ, ವೈದ್ಯಕೀಯ ತಪಾಸಣೆ, ಸಿಮ್ಯುಲೇಟರ್‌ನಲ್ಲಿ ಹಾರಾಟದ ಪರೀಕ್ಷೆ ಇವೆಲ್ಲವನ್ನೂ ದಾಟಬೇಕು. ಯುರೋಪಿನ ಪರವಾನಗಿಯಾದರೆ 13 ವಿಷಯಗಳ ಲಿಖಿತ ಪರೀಕ್ಷೆಯನ್ನು ಮತ್ತೆ ಬರೆಯಬೇಕು. ಕೊಲ್ಲಿ ರಾಷ್ಟ್ರಗಳು ಭಾರತೀಯ ಪೈಲಟ್‌ಗಳಿಗೆ ಹತ್ತಿರವೆನಿಸಲು ಈ ವ್ಯತ್ಯಾಸವೂ ಒಂದು ಕಾರಣ.

ಇಲ್ಲಿ ಹಲವರು ಮರೆಯುವ ಅಂಶವೊಂದಿದೆ. ಹೊಸ ಪರವಾನಗಿ ಕೈಸೇರಿದ ಮೇಲೆ ಭಾರತೀಯ ಪರವಾನಗಿಯನ್ನು ಪೆಟ್ಟಿಗೆಯಲ್ಲಿಟ್ಟು ಮರೆತರೆ ಅದು ಅವಧಿ ಮೀರಿ ನಿರುಪಯುಕ್ತವಾಗುತ್ತದೆ. ಹಿಂತಿರುಗಿದಾಗ ನವೀಕರಣಕ್ಕೆ ಇತ್ತೀಚಿನ ಹಾರಾಟದ ದಾಖಲೆ, ಪರೀಕ್ಷೆ, ಭಾರತೀಯ ವೈದ್ಯಕೀಯ ಪ್ರಮಾಣಪತ್ರ ಎಲ್ಲವೂ ಬೇಕಾಗುತ್ತವೆ. ಬೆಂಗಳೂರಿನಲ್ಲಿಯೇ ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಡೆ ಭಾರತೀಯ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಇದೆ. ರಜೆಗೆ ಊರಿಗೆ ಬಂದಾಗ ವೈದ್ಯಕೀಯ ತಪಾಸಣೆಯನ್ನು ಮುಗಿಸಿಕೊಂಡು, ಭಾರತೀಯ ಪರವಾನಗಿಯನ್ನು ಜೀವಂತವಾಗಿ ಇಟ್ಟುಕೊಳ್ಳುವವರೇ ಜಾಣರು. ಇದಕ್ಕೆ ತಗಲುವ ಖರ್ಚು ಅಲ್ಲಿನ ಸಂಬಳದ ಮುಂದೆ ಅಲ್ಪ.

ಹಾರಾಟದ ದಾಖಲೆ ಪುಸ್ತಕದ ವಿಷಯವೂ ಹೀಗೆಯೇ. ಹಳೆಯ ಸಂಸ್ಥೆಯಿಂದ ಹಾರಾಟದ ಗಂಟೆಗಳ ದೃಢೀಕರಣವನ್ನು ಹೊರಡುವ ಮುನ್ನವೇ ಪಡೆದುಕೊಳ್ಳಬೇಕು. ಸಂಸ್ಥೆಯೇ ಮುಚ್ಚಿಹೋದ ಮೇಲೆ ಸಹಿ ಹಾಕುವವರು ಯಾರು?

ಹಿರಿತನದ ಏಣಿ

ವೈದ್ಯರು, ಎಂಜಿನಿಯರುಗಳು ಸಂಸ್ಥೆ ಬದಲಿಸಿದಾಗ ತಮ್ಮ ಅನುಭವವನ್ನು ಜೊತೆಗೆ ಒಯ್ಯುತ್ತಾರೆ. ಪೈಲಟ್ ಒಯ್ಯುವುದು ಹಾರಾಟದ ಗಂಟೆಗಳನ್ನು ಮಾತ್ರ, ಹಿರಿತನವನ್ನು ಒಯ್ಯಲಾಗದು. ಬಹುತೇಕ ವಿಮಾನಸಂಸ್ಥೆಗಳಲ್ಲಿ ಸೇರಿದ ದಿನಾಂಕದ ಮೇಲೆ ಹಿರಿತನದ ಪಟ್ಟಿ ಸಿದ್ಧವಾಗುತ್ತದೆ. ಬಡ್ತಿ, ಇಷ್ಟದ ಮಾರ್ಗ, ಹಬ್ಬದ ರಜೆ ಎಲ್ಲಕ್ಕೂ ಆ ಪಟ್ಟಿಯೇ ಆಧಾರ. ಕೆಲಸದಿಂದ ತೆಗೆಯುವ ಕಾಲ ಬಂದಾಗಲೂ ಪಟ್ಟಿಯ ಕೆಳಗಿನವರಿಗೇ ಮೊದಲ ಭೀತಿ. ಹೊಸ ಸಂಸ್ಥೆ ಸೇರಿದ ದಿನ 20 ವರ್ಷ ಅನುಭವಿಯೂ ಏಣಿಯ ಕೊನೆಯ ಮೆಟ್ಟಿಲಿನಲ್ಲಿ ನಿಲ್ಲಬೇಕಾಗುತ್ತದೆ.

ಇದಕ್ಕಿಂತಲೂ ದೊಡ್ಡ ಪ್ರಶ್ನೆ ಕ್ಯಾಪ್ಟನ್ ಪದವಿಯದು. ಮಾರುಕಟ್ಟೆಯಲ್ಲಿ ಬೆಲೆಯಿರುವುದು ಎಡಗಡೆಯ ಆಸನದಲ್ಲಿ ಕುಳಿತು ಹಾರಿಸಿದ ಗಂಟೆಗಳಿಗೆ. ದೇಶೀಯ ಸಂಸ್ಥೆಯಲ್ಲಿದ್ದರೆ ಇನ್ನೆರಡು ವರ್ಷದಲ್ಲಿ ಕ್ಯಾಪ್ಟನ್ ಆಗಬಹುದಾದವನು, ವಿದೇಶಕ್ಕೆ ಹೋಗಿ ಮತ್ತೆ ಐದಾರು ವರ್ಷ ಬಲಗಡೆಯ ಆಸನದಲ್ಲೇ ಕುಳಿತರೆ ಆ ಕಾಲದ ನಷ್ಟ ಸಂಬಳದ ಚೀಟಿಯಲ್ಲಿ ಕಾಣಿಸದು. 40ನೇ ವಯಸ್ಸಿನಲ್ಲಿ ಹಿಂತಿರುಗಿದಾಗ ಅವನ ಜೊತೆಗೆ ತರಬೇತಿ ಪಡೆದವರು ಕ್ಯಾಪ್ಟನ್‌ಗಳಾಗಿ, ತರಬೇತುದಾರರಾಗಿರುತ್ತಾರೆ. ಅವನು ಸಹ ಪೈಲಟ್ ಆಗಿಯೇ ಸಂದರ್ಶನಕ್ಕೆ ನಿಲ್ಲುತ್ತಾನೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ 65 ವರ್ಷ ತುಂಬಿದ ಮೇಲೆ ವಾಣಿಜ್ಯ ಹಾರಾಟಕ್ಕೆ ಅವಕಾಶವಿಲ್ಲದ ಕಾರಣ ಕಳೆದುಹೋದ ವರ್ಷಗಳನ್ನು ಕೊನೆಯಲ್ಲಿ ತುಂಬಿಕೊಳ್ಳಲೂ ಆಗದು.

ಯಾವ ವಿಮಾನ ಎಂಬುದೂ ಮುಖ್ಯ

ಪೈಲಟ್‌ಗೆ ಪ್ರತಿಯೊಂದು ಮಾದರಿಯ ವಿಮಾನಕ್ಕೂ ಪ್ರತ್ಯೇಕ ಅರ್ಹತೆ ಬೇಕು. ದುಬೈನ ಎಮಿರೇಟ್ಸ್ ಸಂಸ್ಥೆಯ ಬಳಿ ಎ380, ಬೋಯಿಂಗ್ 777 ಮತ್ತು ಎ350 ವಿಮಾನಗಳಿವೆ. 2022ರ ಅಕ್ಟೋಬರ್‌ನಲ್ಲಿ ಆ ಸಂಸ್ಥೆಯ ಎರಡಂತಸ್ತಿನ ಎ380 ಮೊದಲ ಬಾರಿಗೆ ಬೆಂಗಳೂರಿಗೆ ಬಂದಿಳಿದಾಗ ನೋಡಲು ಜನ ಮುಗಿಬಿದ್ದಿದ್ದರು. ಆ ದೈತ್ಯನನ್ನು ಹಾರಿಸುವುದು ಯಾವ ಪೈಲಟ್‌ಗಾದರೂ ಹೆಮ್ಮೆಯ ಸಂಗತಿ. ಆದರೆ ಭಾರತದ ಯಾವ ಸಂಸ್ಥೆಯ ಬಳಿಯೂ ಎ380 ಇಲ್ಲ. ಅದರ ಉತ್ಪಾದನೆಯೇ 2021ರಲ್ಲಿ ನಿಂತುಹೋಗಿದೆ. ಇದಕ್ಕೆ ಬದಲಾಗಿ 777 ಅಥವಾ ಎ350 ಸಿಕ್ಕರೆ ಅದೇ ಮಾದರಿಗಳು ಏರ್ ಇಂಡಿಯಾದಲ್ಲೂ ಇವೆ. ಇಂಡಿಗೊ ಸಂಸ್ಥೆಯೂ ಎ350 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದೆ. ಹಿಂತಿರುಗುವವನಿಗೆ ಈ ವ್ಯತ್ಯಾಸ ಬಹಳ ದೊಡ್ಡದು.

ದೂರದ ಹಾರಾಟಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹದಿನಾಲ್ಕು ಗಂಟೆಯ ಒಂದು ಪ್ರಯಾಣದಲ್ಲಿ ನಾಲ್ವರು ಪೈಲಟ್‌ಗಳು ಸರದಿಯಂತೆ ಕೆಲಸ ಮಾಡುತ್ತಾರೆ. ವಿಮಾನ ಏರಿಸಿ ಇಳಿಸುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ದೇಶೀಯ ಹಾರಾಟದಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ಇಳಿಸುತ್ತಿದ್ದವನಿಗೆ ಅಲ್ಲಿ ತಿಂಗಳಿಗೆ ಅಷ್ಟು ಸಿಕ್ಕರೆ ಹೆಚ್ಚು. ಗಂಟೆಗಳು ಬೆಳೆಯುತ್ತವೆ, ಕೈಯ ಅಭ್ಯಾಸ ಅದೇ ವೇಗದಲ್ಲಿ ಬೆಳೆಯುವುದಿಲ್ಲ.

ಕೆಲಸ ಹೋದರೆ ಏನು?

2020ರ ಕೊರೊನಾ ಕಾಲದಲ್ಲಿ ಈ ಪ್ರಶ್ನೆಗೆ ಕಹಿ ಉತ್ತರ ಸಿಕ್ಕಿತು. ಎಮಿರೇಟ್ಸ್ ಸೇರಿದಂತೆ ಕೊಲ್ಲಿಯ ಸಂಸ್ಥೆಗಳು ದೊಡ್ಡ ಸಂಖ್ಯೆಯಲ್ಲಿ ಪೈಲಟ್‌ಗಳನ್ನು ಮನೆಗೆ ಕಳುಹಿಸಿದವು. ಹಾಂಗ್‌ಕಾಂಗ್‌ನ ಕ್ಯಾಥೇ ಪೆಸಿಫಿಕ್ ಆ ವರ್ಷದ ಅಕ್ಟೋಬರ್‌ನಲ್ಲಿ 5,900 ಹುದ್ದೆಗಳನ್ನು ಕಡಿತಗೊಳಿಸಿ, ತನ್ನ ಡ್ರ್ಯಾಗನ್ ಸಂಸ್ಥೆಯನ್ನೇ ಮುಚ್ಚಿತು. ಉಳಿದ ಪೈಲಟ್‌ಗಳಿಗೆ ಕಡಿಮೆ ಸಂಬಳದ ಹೊಸ ಕರಾರು ನೀಡಿತು. ಬೇಡಿಕೆ ಮರಳಿದಾಗ ಇದೇ ಸಂಸ್ಥೆಗಳು ಮತ್ತೆ ನೇಮಕಾತಿ ಆರಂಭಿಸಿದವು. ಭಾರತದಲ್ಲಿಯೂ ಸಂಬಳ ಕಡಿತ, ವೇತನರಹಿತ ರಜೆ ತಪ್ಪಲಿಲ್ಲ. ಆದರೆ ಸ್ವಂತ ಊರಿನಲ್ಲಿ ಕೆಲಸ ಕಳೆದುಕೊಂಡವನು ವಿಜಯನಗರದ ಮನೆಯಲ್ಲೇ ಕುಳಿತು ಮುಂದಿನ ದಾರಿ ಯೋಚಿಸಬಹುದು. ಕೊಲ್ಲಿಯಲ್ಲಿ ವಾಸದ ವೀಸಾ ಉದ್ಯೋಗಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಕೆಲವೇ ತಿಂಗಳುಗಳಲ್ಲಿ ಮನೆ, ಮಗುವಿನ ಶಾಲೆ, ದೇಶ ಮೂರನ್ನೂ ಬಿಡಬೇಕಾಗಬಹುದು.

ಭೌಗೋಳಿಕ ರಾಜಕೀಯವೂ ಲೆಕ್ಕದಿಂದ ಹೊರತಲ್ಲ. 2017ರ ಜೂನ್‌ನಿಂದ 2021ರ ಜನವರಿಯವರೆಗೆ ನೆರೆಯ ರಾಷ್ಟ್ರಗಳು ಕತಾರ್‌ಗೆ ತಮ್ಮ ವಾಯುಪ್ರದೇಶವನ್ನು ಮುಚ್ಚಿದ್ದವು. 2025ರ ಜೂನ್ 23ರಂದು ಇರಾನ್‌ನ ಕ್ಷಿಪಣಿ ದಾಳಿಯ ವೇಳೆ ಕತಾರ್ ತನ್ನ ವಾಯುಪ್ರದೇಶವನ್ನೇ ಕೆಲವು ಗಂಟೆ ಮುಚ್ಚಬೇಕಾಯಿತು. ಒಂದೇ ಊರನ್ನು ಕೇಂದ್ರವಾಗಿಸಿಕೊಂಡು ಜಗತ್ತಿಗೆಲ್ಲ ಹಾರುವ ಸಂಸ್ಥೆಗಳಿಗೆ ಆ ಊರಿನ ಆಕಾಶವೇ ಜೀವಾಳ.

ಆದ್ದರಿಂದ ಅನುಭವಿಗಳು ಪಾಲಿಸುವ ನಿಯಮವೊಂದಿದೆ: ಆರು ತಿಂಗಳಿಂದ ಒಂದು ವರ್ಷದ ಮನೆಖರ್ಚು ಮತ್ತು ಸಾಲದ ಕಂತಿಗೆ ಸಾಕಾಗುವ ಹಣ ಬ್ಯಾಂಕಿನಲ್ಲಿ ಸೇರುವವರೆಗೆ ಅಲ್ಲಿ ಹೊಸ ಸಾಲ ಮಾಡಬಾರದು. ವೈದ್ಯಕೀಯ ಕಾರಣದಿಂದ ಹಾರಾಟದ ಅರ್ಹತೆಯನ್ನೇ ಕಳೆದುಕೊಂಡರೆ ಪರಿಹಾರ ನೀಡುವ ವಿಮೆ ಇದೆಯೇ, ಎಷ್ಟು ಮೊತ್ತಕ್ಕೆ ಎಂಬುದನ್ನೂ ಕರಾರಿನಲ್ಲಿ ಹುಡುಕಬೇಕು. ಒಂದು ಸಣ್ಣ ಹೃದಯದ ತೊಂದರೆ ಸಾಕು, ಪೈಲಟ್‌ನ ಜೀವನೋಪಾಯ ನಿಲ್ಲಲು.

ನಾಲ್ಕು ಗಂಟೆಯ ದೂರ

ಬೆಂಗಳೂರಿನಿಂದ ದುಬೈಗೆ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ. ಗಡಿಯಾರದ ವ್ಯತ್ಯಾಸ ಒಂದೂವರೆ ಗಂಟೆ. ಅಮೆರಿಕಕ್ಕೆ ಹೋದ ಎಂಜಿನಿಯರ್ ಮಗನಿಗಿಂತ ದುಬೈನ ಪೈಲಟ್ ಮಗ ಹತ್ತಿರದವನೇ ಸರಿ. ಸಿಬ್ಬಂದಿಗೆ ರಿಯಾಯಿತಿ ಟಿಕೆಟ್ ಸೌಲಭ್ಯವೂ ಇರುತ್ತದೆ. ಆದರೆ ಅಂಥ ಟಿಕೆಟ್‌ಗಳಲ್ಲಿ ಹೆಚ್ಚಿನವು ಆಸನ ಖಾಲಿಯಿದ್ದರೆ ಮಾತ್ರ ಎಂಬ ಷರತ್ತಿನವು. ದಸರಾ, ದೀಪಾವಳಿ, ಬೇಸಿಗೆ ರಜೆಯಲ್ಲಿ ಆಸನ ಖಾಲಿ ಇರುವುದು ಅಪರೂಪ. ನಡುರಾತ್ರಿ ತಂದೆಯನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ ಮಗ ಬಹುಶಃ ಬೇರೊಂದು ಖಂಡದ ಹೋಟೆಲಿನಲ್ಲಿ ಕಡ್ಡಾಯ ವಿಶ್ರಾಂತಿಯಲ್ಲಿರುತ್ತಾನೆ. ಅಂಥ ವೇಳೆ ಓಡಿಬರುವ ನೆರೆಯವರು ಯಾರು, ಆರೋಗ್ಯ ವಿಮೆಯ ಕಾಗದ ಯಾರ ಬಳಿ ಇದೆ, ಬ್ಯಾಂಕಿನ ವ್ಯವಹಾರ ಯಾರು ನೋಡುತ್ತಾರೆ ಎಂಬುದು ಹೊರಡುವ ಮುನ್ನವೇ ತೀರ್ಮಾನವಾಗಬೇಕು.

ಸೊಸೆಯ ಬ್ಯಾಂಕ್ ಉದ್ಯೋಗದ ಗತಿ ಏನು ಎಂಬ ಪ್ರಶ್ನೆಯನ್ನು ಇಂಥ ಚರ್ಚೆಗಳಲ್ಲಿ ಕೊನೆಗೆ ಕೇಳುವುದು ವಾಡಿಕೆ. ಅದನ್ನು ಮೊದಲೇ ಕೇಳುವುದು ನ್ಯಾಯ. ಅವಳು ರಾಜೀನಾಮೆ ಕೊಟ್ಟರೆ ಮನೆಯ ಒಂದು ಸಂಬಳ ನಿಲ್ಲುತ್ತದೆ. ಗಂಡನ ಸಂಬಳ ಎಷ್ಟು ಹೆಚ್ಚಿತು ಎಂದು ನೋಡುವಾಗ ಅವಳು ಕಳೆದುಕೊಂಡದ್ದನ್ನು ಕಳೆದು ನೋಡಬೇಕು. ಮಗಳ ಓದಿನ ವಿಷಯದಲ್ಲಿ ಚಿಂತೆ ಕಡಿಮೆ. ದುಬೈನಲ್ಲಿ ಸಿಬಿಎಸ್ಇ ಪಠ್ಯಕ್ರಮದ ಭಾರತೀಯ ಶಾಲೆಗಳು ಸಾಕಷ್ಟಿವೆ. ಅಲ್ಲಿನ ಕನ್ನಡಿಗರು ನಡೆಸುವ ಕನ್ನಡ ಪಾಠಶಾಲೆಯಲ್ಲಿ ಮಕ್ಕಳು ರಜಾದಿನಗಳಲ್ಲಿ ಅಕ್ಷರಾಭ್ಯಾಸವನ್ನೂ ಮಾಡುತ್ತಾರೆ.

ಇಲ್ಲೇ ಉಳಿದರೆ?

ಹತ್ತು ವರ್ಷದ ಹಿಂದೆ ದೊಡ್ಡ ವಿಮಾನ ಹಾರಿಸಬೇಕೆಂದರೆ ಏರ್ ಇಂಡಿಯಾ, ಜೆಟ್ ಬಿಟ್ಟರೆ ವಿದೇಶವೇ ಗತಿಯಾಗಿತ್ತು. ಇಂದು ಆ ಮಾತು ಪೂರ್ತಿ ನಿಜವಲ್ಲ. 2022ರ ಜನವರಿಯಲ್ಲಿ ಟಾಟಾ ಸಮೂಹದ ಕೈಸೇರಿದ ಏರ್ ಇಂಡಿಯಾ 2023ರಲ್ಲಿ 470 ವಿಮಾನಗಳಿಗೆ ಬೇಡಿಕೆ ಸಲ್ಲಿಸಿತು. ಅದೇ ವರ್ಷ ಇಂಡಿಗೊ 500 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿತು. 2025ರ ಜುಲೈನಲ್ಲಿ ಬಾಡಿಗೆ ಪಡೆದ ದೊಡ್ಡ ವಿಮಾನಗಳಲ್ಲಿ ಯುರೋಪಿಗೆ ನೇರ ಹಾರಾಟವನ್ನೂ ಆರಂಭಿಸಿತು. ಇಷ್ಟು ವಿಮಾನಗಳಿಗೆ ಕ್ಯಾಪ್ಟನ್‌ಗಳು ಬೇಕೇ ಬೇಕು.

ದುಡಿಮೆಯ ಸ್ಥಿತಿಗತಿಯ ಬಗ್ಗೆ ಅಸಮಾಧಾನವಂತೂ ಇದೆ. ಪೈಲಟ್‌ಗಳ ದಣಿವು ತಗ್ಗಿಸಲು ಡಿಜಿಸಿಎ ರೂಪಿಸಿದ ಹೊಸ ನಿಯಮಗಳು ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದವು. ರಾತ್ರಿ ವೇಳೆಯ ಇಳಿಕೆಗಳಿಗೂ ಮಿತಿ ಹಾಕಿದವು. 2025ರ ನವೆಂಬರ್ 1ರಿಂದ ಎರಡನೆಯ ಹಂತ ಜಾರಿಯಾದಾಗ ಸಾಕಷ್ಟು ಪೈಲಟ್‌ಗಳಿಲ್ಲದೆ ಇಂಡಿಗೊ ತತ್ತರಿಸಿತು. ಡಿಸೆಂಬರ್ 5ರಂದು ಒಂದೇ ದಿನ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾಗಿ ಬೆಂಗಳೂರಿನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ನೀಡಿದ್ದಕ್ಕೆ ಪೈಲಟ್ ಸಂಘಟನೆಗಳು ಆಕ್ಷೇಪ ವ್ಯಕ್ತಪಡಿಸಿದವು. ಆ ವಾರ ಒಂದು ಸಂಗತಿ ಸ್ಪಷ್ಟವಾಯಿತು: ಅನುಭವಿ ಪೈಲಟ್ ಇಂದು ದೇಶದೊಳಗೂ ದುರ್ಲಭ ವಸ್ತು.

ಭಾರತ ಸರ್ಕಾರವೂ ಸುಮ್ಮನೆ ಕುಳಿತಿಲ್ಲ. ವಿದೇಶಿ ಸಂಸ್ಥೆಗಳು ಅನುಭವಿ ಭಾರತೀಯ ಪೈಲಟ್‌ಗಳನ್ನು ಸೆಳೆದುಕೊಳ್ಳುವುದರಿಂದ ಇಲ್ಲಿನ ವಿಮಾನಯಾನದ ಬೆಳವಣಿಗೆಗೆ ಧಕ್ಕೆಯಾಗುತ್ತಿದೆ ಎಂದು 2025ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮುಂದೆ ವಿಷಯ ಮಂಡಿಸಿ, ನೀತಿಸಂಹಿತೆಯೊಂದು ಬೇಕೆಂದು ಕೋರಿತು. ಮನೆಮಾರು ಅಡವಿಟ್ಟು ತರಬೇತಿ ಪಡೆದ ಪೈಲಟ್‌ನ ದೃಷ್ಟಿ ಸಹಜವಾಗಿಯೇ ಬೇರೆ. ಒಳ್ಳೆಯ ಕೆಲಸ ಹುಡುಕಿಕೊಳ್ಳುವುದು ಅವನ ಹಕ್ಕು. ಉಳಿಸಿಕೊಳ್ಳಬೇಕೆಂದರೆ ವಿಶ್ರಾಂತಿ, ರಜೆ, ಸಂಬಳ ಸುಧಾರಿಸುವುದೇ ದಾರಿ ಎಂಬ ವಾದವನ್ನು ತಳ್ಳಿಹಾಕಲಾಗದು.

ಸಹಿಗೆ ಮುನ್ನ

ಹಾಗಾದರೆ ವಿಜಯನಗರದ ಆ ಮನೆಯ ತೀರ್ಮಾನ ಏನಾಗಬೇಕು? ತರಬೇತಿಯ ಸಾಲ ಇನ್ನೂ ತೀರದ, ಕ್ಯಾಪ್ಟನ್ ಆಗಲು ಒಂದೆರಡು ವರ್ಷವಷ್ಟೇ ಉಳಿದಿರುವ ಸಹ ಪೈಲಟ್‌ಗೆ ಅವಸರ ತರವಲ್ಲ. ಮೊದಲು ಇಲ್ಲಿ ಕ್ಯಾಪ್ಟನ್ ಆಗಿ ಸಾವಿರ ಗಂಟೆಯಾದರೂ ಎಡಗಡೆಯ ಆಸನದಲ್ಲಿ ಹಾರಿಸಿದರೆ, ಆಮೇಲೆ ಎಲ್ಲಿಗೆ ಹೋದರೂ ಹಿಂತಿರುಗುವ ಬಾಗಿಲು ತೆರೆದಿರುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೂ ಉಂಟು: ಆರು ತಿಂಗಳಿದ್ದ ನೋಟಿಸ್ ಅವಧಿ ಆಗ ಒಂದು ವರ್ಷವಾಗುತ್ತದೆ. ಇಲ್ಲಿನ ಸಂಸ್ಥೆಯ ಆರ್ಥಿಕ ಸ್ಥಿತಿಯೇ ಅನುಮಾನಾಸ್ಪದವಾಗಿದ್ದು, ಸಂಬಳ ತಡವಾಗತೊಡಗಿದ್ದರೆ ಲೆಕ್ಕ ತಿರುವುಮುರುವಾಗುತ್ತದೆ. ಕಿಂಗ್‌ಫಿಷರ್‌ನಲ್ಲಿ ಕೊನೆಯವರೆಗೆ ಕಾದವರಿಗೆ ಸಿಕ್ಕಿದ್ದು ಬಾಕಿ ಸಂಬಳದ ಲೆಕ್ಕಪತ್ರ ಮಾತ್ರ.

ಹೋಗುವುದೇ ಸರಿ ಎಂದು ತೋರಿದರೆ ಕೆಲವು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಬೇಕು. ಯಾವ ಮಾದರಿಯ ವಿಮಾನ? ಬಾಂಡ್ ಎಷ್ಟು ವರ್ಷದ್ದು, ಮೊತ್ತ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆಯೇ? ನೋಟಿಸ್ ಮುಗಿಯುವವರೆಗೆ ಹುದ್ದೆ ಕಾಯ್ದಿರಿಸುತ್ತಾರೆಯೇ? ಮೂಲ ವೇತನ ಎಷ್ಟು? ಕ್ಯಾಪ್ಟನ್ ಬಡ್ತಿಗೆ ಕನಿಷ್ಠ ಅರ್ಹತೆ ಏನು? ಸಿಬ್ಬಂದಿ ಕಡಿತವಾದರೆ ಪರಿಹಾರವೇನು? ಮಧ್ಯವರ್ತಿಯೊಬ್ಬ ಕೆಲಸ ಕೊಡಿಸುವುದಾಗಿ ಹಣ ಕೇಳಿದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸುವುದು ಕ್ಷೇಮ. ಹೆಸರಾಂತ ಸಂಸ್ಥೆಗಳು ಅಭ್ಯರ್ಥಿಯಿಂದ ಹಣ ಪಡೆಯುವುದಿಲ್ಲ.

ಕೊನೆಯದಾಗಿ, ಹೊರಡುವ ದಿನಾಂಕದ ಪಕ್ಕದಲ್ಲಿ ಇನ್ನೊಂದು ದಿನಾಂಕವನ್ನೂ ಬರೆದಿಡುವುದು ಒಳ್ಳೆಯದು. ಅದು ಗಂಡಹೆಂಡಿರು ಇಬ್ಬರೂ ಕುಳಿತು, ತಂದೆತಾಯಿಯ ವಯಸ್ಸು, ಮಗಳ ತರಗತಿ, ಉಳಿದಿರುವ ಸಾಲ ಇವನ್ನು ನೋಡಿ, ಅಲ್ಲಿ ಮುಂದುವರಿಯಬೇಕೇ ಎಂದು ಮತ್ತೆ ತೀರ್ಮಾನಿಸುವ ದಿನ. ಕೊಲ್ಲಿಗೆ ಹೋದವರಲ್ಲಿ ಅನೇಕರು ‘ಇನ್ನೆರಡು ವರ್ಷ’ ಎನ್ನುತ್ತಲೇ ಇಪ್ಪತ್ತು ವರ್ಷ ಕಳೆದದ್ದುಂಟು. ಆ ದಿನಾಂಕವನ್ನು ಮೊದಲೇ ಗೊತ್ತುಮಾಡಿಕೊಂಡ ಮನೆಯಲ್ಲಿ ಅಂಥ ಮಾತು ಬರುವ ಸಂಭವ ಕಡಿಮೆ.